ನೀರಿಗೆ ಬೆನ್ನು ತೋರಿಸದ ಹುಡುಗ: ಆಲ್ಫ್ರೆಡ್ ಹಯೋಶ್

ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ನಗರದ ನಡುವೆ ಡ್ಯಾನ್ಯೂಬ್ ನದಿ ಹರಿಯುತ್ತದೆ. 13 ವರ್ಷದ ಹುಡುಗನೊಬ್ಬನ ತಂದೆ ಆ ನದಿಯಲ್ಲಿ ಮುಳುಗಿ ತೀರಿಕೊಂಡರು. ಅಂಥ ಹುಡುಗ ನೀರನ್ನು ಕಂಡರೆ ಹೆದರುವುದು ಸಹಜ. ಆದರೆ ಅವನು ಚೆನ್ನಾಗಿ ಈಜು ಕಲಿಯಲೇಬೇಕೆಂದು ಹಟ ತೊಟ್ಟ. ಮುಂದೆ ಒಲಿಂಪಿಕ್ಸ್ ಈಜಿನ ಮೊಟ್ಟಮೊದಲ ಚಾಂಪಿಯನ್ ಆದವನು ಅವನೇ.

ಅವರೇ ಆಲ್ಫ್ರೆಡ್ ಹಯೋಶ್. 1878ರ ಫೆಬ್ರವರಿ 1ರಂದು ಯಹೂದಿ ಕುಟುಂಬವೊಂದರಲ್ಲಿ ಜನಿಸಿದ ಅವರ ಮೊದಲ ಹೆಸರು ಆರ್ನಾಲ್ಡ್ ಗುಟ್‌ಮನ್. ಈಜುಗಾರನಾಗಿ ಅವರು ಇಟ್ಟುಕೊಂಡ ಹಯೋಶ್ ಎಂಬ ಹೆಸರಿಗೆ ಹಂಗೇರಿಯನ್ ಭಾಷೆಯಲ್ಲಿ ನಾವಿಕ ಎಂದರ್ಥ.

1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಅವರು 18 ವರ್ಷದ ವಾಸ್ತುಶಿಲ್ಪ ವಿದ್ಯಾರ್ಥಿ. ಕಾಲೇಜಿನಿಂದ ರಜೆ ಪಡೆಯುವುದೇ ಅವರಿಗೆ ಕಷ್ಟವಾಗಿತ್ತು. ಆ ಕೂಟದಲ್ಲಿ ಈಜುಕೊಳವಿರಲಿಲ್ಲ. ಪಿರೇಯಸ್ ಬಂದರಿನ ಬಳಿಯ ಝೇಯಾ ಕೊಲ್ಲಿಯಲ್ಲಿ, ತೆರೆದ ಸಮುದ್ರದ ಅಲೆಗಳ ನಡುವೆ ಈಜಬೇಕಿತ್ತು. ನೀರು ಕೊರೆಯುವಷ್ಟು ತಣ್ಣಗಿತ್ತು.

ಏಪ್ರಿಲ್ 11ರಂದು ಹಯೋಶ್ 100 ಮೀಟರ್ ಸ್ಪರ್ಧೆಯನ್ನು 1 ನಿಮಿಷ 22.2 ಸೆಕೆಂಡುಗಳಲ್ಲಿ ಗೆದ್ದರು. ಅದೇ ದಿನ 1200 ಮೀಟರ್ ಸ್ಪರ್ಧೆಯೂ ಇತ್ತು. ಸ್ಪರ್ಧಿಗಳನ್ನು ದೋಣಿಯಲ್ಲಿ ಸಮುದ್ರದೊಳಕ್ಕೆ ಕರೆದೊಯ್ದು ಬಿಟ್ಟರು. ಅವರು ದಡಕ್ಕೆ ಈಜಿ ಬರಬೇಕಿತ್ತು. ಚಳಿ ತಡೆಯಲು ಹಯೋಶ್ ಮೈಗೆಲ್ಲ ದಪ್ಪವಾಗಿ ಕೊಬ್ಬು ಬಳಿದುಕೊಂಡಿದ್ದರು. ಆದರೂ ಕೈಕಾಲು ಮರಗಟ್ಟತೊಡಗಿದವು. ಆ ಹೊತ್ತಿನಲ್ಲಿ ಗೆಲ್ಲುವ ಆಸೆಗಿಂತ ಬದುಕಿ ಉಳಿಯುವ ಆಸೆಯೇ ದೊಡ್ಡದಾಗಿತ್ತೆಂದು ಅವರು ನಂತರ ನೆನಪಿಸಿಕೊಂಡರು. 18 ನಿಮಿಷ 22.2 ಸೆಕೆಂಡುಗಳಲ್ಲಿ ಅವರು ಗುರಿ ಮುಟ್ಟಿದರು. ಎರಡನೆಯ ಸ್ಥಾನ ಪಡೆದವರು ಎರಡೂವರೆ ನಿಮಿಷಕ್ಕೂ ಹೆಚ್ಚು ಹಿಂದಿದ್ದರು. ಆ ಒಲಿಂಪಿಕ್ಸ್‌ನ ಅತಿ ಕಿರಿಯ ವಿಜೇತ ಹಯೋಶ್. ಆಗ ಮೊದಲ ಸ್ಥಾನಕ್ಕೆ ಚಿನ್ನವಲ್ಲ, ಬೆಳ್ಳಿಯ ಪದಕ ಕೊಡುತ್ತಿದ್ದರು.

ಊರಿಗೆ ಮರಳಿದಾಗ ಕಾಲೇಜಿನ ಡೀನ್ ಅಭಿನಂದಿಸಲಿಲ್ಲವಂತೆ. ಪದಕಗಳಲ್ಲಿ ತಮಗೆ ಆಸಕ್ತಿಯಿಲ್ಲ, ಮುಂದಿನ ಪರೀಕ್ಷೆಯಲ್ಲಿ ಹೇಗೆ ಉತ್ತರಿಸುತ್ತಾನೋ ನೋಡಬೇಕು ಎಂದರಂತೆ. ಹಯೋಶ್ ಓದನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. 1902ರಲ್ಲಿ ಹಂಗೇರಿಯ ಫುಟ್‌ಬಾಲ್ ತಂಡದಲ್ಲಿ ಆಡಿದರು. ಓದು ಮುಗಿಸಿ ವಾಸ್ತುಶಿಲ್ಪಿಯಾದರು. ಆ ಕಾಲದ ಒಲಿಂಪಿಕ್ಸ್‌ನಲ್ಲಿ ಕಲಾ ಸ್ಪರ್ಧೆಗಳೂ ಇದ್ದವು. 1924ರ ಪ್ಯಾರಿಸ್ ಕೂಟದಲ್ಲಿ, ಡೆಝೋ ಲೌಬರ್ ಅವರೊಂದಿಗೆ ರಚಿಸಿದ ಕ್ರೀಡಾಂಗಣದ ನಕ್ಷೆಗೆ ಅವರಿಗೆ ಬೆಳ್ಳಿ ಪದಕ ಸಿಕ್ಕಿತು. ಹೀಗೆ ಕಾಲೇಜಿನ ಓದೂ ಅವರಿಗೆ ಒಲಿಂಪಿಕ್ಸ್ ಪದಕವನ್ನು ತಂದುಕೊಟ್ಟಿತು.

1930ರಲ್ಲಿ ಬುಡಾಪೆಸ್ಟ್‌ನ ಮಾರ್ಗರೆಟ್ ದ್ವೀಪದಲ್ಲಿ ಅವರು ವಿನ್ಯಾಸ ಮಾಡಿದ ಈಜುಕೊಳ ಸಿದ್ಧವಾಯಿತು. ಅವರು 1955ರ ನವೆಂಬರ್ 12ರಂದು ನಿಧನರಾದರು. ಆ ಕೊಳಕ್ಕೆ ಈಗ ಅವರದೇ ಹೆಸರು. ಅದರ ಎರಡೂ ಬದಿಯಲ್ಲಿ ಹರಿಯುವುದು ಅದೇ ಡ್ಯಾನ್ಯೂಬ್. ತಂದೆಯನ್ನು ಕಸಿದುಕೊಂಡ ನದಿಯ ನಡುವೆಯೇ, ಮುಂದಿನ ಪೀಳಿಗೆಯ ಮಕ್ಕಳು ಈಜುವ ಜಾಗವನ್ನು ಮಗ ಕಟ್ಟಿ ಹೋದರು.