ರುಡಾಲ್ಫ್ ಡೀಸೆಲ್

ಮಹನೀಯರ ಹೆಸರುಗಳನ್ನು ಬೀದಿಗಳಿಗೂ ಕಟ್ಟಡಗಳಿಗೂ ಇಡುವುದು ಲೋಕದ ರೂಢಿ. ಒಬ್ಬನ ಹೆಸರು ಮಾತ್ರ ಎಣ್ಣೆಗೆ ಅಂಟಿಕೊಂಡು, ಆ ಎಣ್ಣೆಯಲ್ಲಿಯೇ ಅವನು ಮರೆಯಾಗಿ ಹೋದನು. ನಮ್ಮ ಮಂಗಳೂರಿನ ದಕ್ಕೆಯಲ್ಲಿ ಬೋಟಿಗೆ ಡೀಸಿಲ್ ತುಂಬಿಸುವವರೂ ಬಂಕಿನ ಮುಂದೆ ಲಾರಿ ನಿಲ್ಲಿಸುವವರೂ ದಿನಕ್ಕೆ ಹತ್ತು ಸಲ ಅವನ ಹೆಸರನ್ನು ಹೇಳುತ್ತಾರೆ. ಅದು ಒಬ್ಬ ಮನುಷ್ಯನ ಹೆಸರೆಂದು ತಿಳಿದವರು ವಿರಳ.

ಈತನ ಪರಿಚಯ ನನಗಾದುದು ಒಂದು ವಿಚಿತ್ರ ದಾರಿಯಿಂದ. ಕಳೆದ ಒಂದು ವರುಷದಿಂದ ನಾನು ಕಂಪ್ಯೂಟರಿನ ಮೇಲೆ, ಸಿಮ್ಯುಲೇಟರಿನಲ್ಲಿ, ಡೀಸೆಲ್ ಗೂಡ್ಸ್ ಗಾಡಿಯನ್ನು ನಡೆಸಲು ಕಲಿಯುತ್ತಿದ್ದೇನೆ. ಇದು ಆಟವೆಂದು ನಗುವ ಮಿತ್ರರಿದ್ದಾರೆ. ಆದರೆ ಇದರ ನಿಯಮಗಳು ಆಟದವಲ್ಲ. ವೇಗದ ಹಿಡಿಗೆ ಎಂಟು ನಾಚುಗಳು. ಮೊದಲನೆಯ ನಾಚಿನಲ್ಲಿಯೇ ನಿಂತು, ವ್ಯಾಗನುಗಳ ಕೊಂಡಿಗಳು ಒಂದೊಂದಾಗಿ ಬಿಗಿಯಾಗುವ ತನಕ ಕಾಯಬೇಕು. ಅವಸರಪಟ್ಟರೆ ಚಕ್ರ ಜಾರುತ್ತದೆ, ಇಲ್ಲವೆ ಕೊಂಡಿ ಹರಿಯುತ್ತದೆ. ಕಣ್ಣನ್ನು ಸದಾ ಇಡಬೇಕಾದುದು ವಿದ್ಯುತ್ತಿನ ಪ್ರವಾಹವನ್ನು ತೋರಿಸುವ ಆಂಪಿಯರ್ ಮುಳ್ಳಿನ ಮೇಲೆ. ಎಣ್ಣೆ ಕುಡಿದು ನಡೆಯುವ ಯಂತ್ರದಲ್ಲಿ ವಿದ್ಯುತ್ತಿನ ಮುಳ್ಳಿಗೇನು ಕೆಲಸ? ಈ ಪ್ರಶ್ನೆಯೇ ನನ್ನನ್ನು ಡೀಸೆಲನ ಜೀವನಚರಿತ್ರೆಯ ಬಳಿಗೆ ಕರೆದೊಯ್ದಿತು.

ರುಡಾಲ್ಫ್ ಡೀಸೆಲ್ ೧೮೫೮ನೆಯ ಮಾರ್ಚ್ ೧೮ರಂದು ಪ್ಯಾರಿಸಿನಲ್ಲಿ ಹುಟ್ಟಿದನು. ತಂದೆತಾಯಿಗಳು ಜರ್ಮನರು, ತಂದೆಯದು ಪುಸ್ತಕಗಳಿಗೆ ರಟ್ಟು ಕಟ್ಟುವ, ತೊಗಲಿನ ಸಾಮಾನು ಮಾಡುವ ಕಸುಬು. ೧೮೭೦ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಸಂಸಾರವು ಮನೆಮಾರು ಬಿಟ್ಟು ಲಂಡನ್ನಿಗೆ ಓಡಬೇಕಾಯಿತು. ಹನ್ನೆರಡು ವರುಷದ ಹುಡುಗನನ್ನು ಅಲ್ಲಿಂದ ಆಗ್ಸ್‌ಬರ್ಗ್ ನಗರದ ಬಂಧುಗಳಲ್ಲಿಗೆ ಕಳುಹಿಸಿದರು. ಪರರ ಮನೆಯಲ್ಲಿ ಬೆಳೆದು, ವಿದ್ಯಾರ್ಥಿವೇತನದಿಂದ ಮ್ಯೂನಿಕ್ಕಿನ ಪಾಲಿಟೆಕ್ನಿಕ್ ಸೇರಿದ ಅವನು ೧೮೮೦ರಲ್ಲಿ ಅತ್ಯುನ್ನತ ಅಂಕಗಳೊಡನೆ ತೇರ್ಗಡೆಯಾದನು.

ಅಲ್ಲಿ ಅವನ ಗುರು, ಶೀತಲಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಹತ್ತರಲ್ಲೊಂದು ಪಾಲನ್ನೂ ಕೆಲಸಕ್ಕೆ ತಾರದೆ ಉಳಿದುದನ್ನು ಹೊಗೆಕೊಳವೆಯಲ್ಲಿ ಕಳೆಯುತ್ತದೆ ಎಂಬ ಪಾಠವನ್ನು ಈ ತರುಣನು ಮರೆಯಲಿಲ್ಲ. ಲಿಂಡೆಯ ಕೈಕೆಳಗೆ ನೌಕರಿ ಮಾಡುತ್ತಲೇ ಹತ್ತು ವರುಷಕ್ಕೂ ಮಿಕ್ಕಿ ಇದೇ ಚಿಂತೆ ಅವನದು. ಗಾಳಿಯನ್ನು ಸಿಲಿಂಡರಿನೊಳಗೆ ಬಲವಾಗಿ ಒತ್ತಿದರೆ ಅದು ತಾನಾಗಿ ಕಾಯುತ್ತದೆ. ಆ ಕಾದ ಗಾಳಿಗೆ ಎಣ್ಣೆ ಚಿಮುಕಿಸಿದರೆ ಕಿಡಿಯ ಹಂಗಿಲ್ಲದೆ ಹತ್ತಿಕೊಳ್ಳುತ್ತದೆ. ಈ ವಿಚಾರಕ್ಕೆ ಅವನು ೧೮೯೨ರಲ್ಲಿ ಪೇಟೆಂಟ್ ಕೇಳಿದನು. ೧೮೯೩ರ ಆಗಸ್ಟಿನಲ್ಲಿ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಒತ್ತಡವನ್ನಳೆಯುವ ಉಪಕರಣವು ಸಿಡಿದು ಚೂರಾಯಿತು. ಮುಂದಿನ ಫೆಬ್ರವರಿಯಲ್ಲಿ ಯಂತ್ರವು ಸುಮಾರು ಒಂದು ನಿಮಿಷ ತನ್ನ ಬಲದಿಂದಲೇ ಓಡಿತು. ೧೮೯೭ರ ಫೆಬ್ರವರಿ ೧೭ರಂದು ಪ್ರೊಫೆಸರ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ಅದು ಎಣ್ಣೆಯ ಶಾಖದ ನೂರಕ್ಕೆ ೨೬ ಭಾಗವನ್ನು ಕೆಲಸವಾಗಿಸಿತು. ಅಂದಿನ ಯಾವ ಯಂತ್ರಕ್ಕೂ ಇದು ಸಾಧ್ಯವಿರಲಿಲ್ಲ.

ಡೀಸೆಲನಿಗೆ ಹಣದ ಮಳೆಯೇ ಸುರಿಯಿತು. ಆದರೆ ದುಡಿತದಿಂದ ಅವನ ಆರೋಗ್ಯ ಮುರಿದಿತ್ತು. ಪೇಟೆಂಟಿನ ವ್ಯಾಜ್ಯಗಳು ಅವನನ್ನು ಹಣ್ಣು ಮಾಡಿದುವು. ತನ್ನ ಯಂತ್ರವು ಸಣ್ಣ ಕಸುಬುದಾರನ ಅಂಗಡಿಯಲ್ಲಿ ದುಡಿದು, ದೊಡ್ಡ ಕಾರ್ಖಾನೆಯೆದುರು ಅವನನ್ನು ಎತ್ತಿ ನಿಲ್ಲಿಸೀತೆಂಬ ಆಸೆ ಅವನಿಗಿತ್ತು. ನಡೆದುದು ಬೇರೆ. ಅದನ್ನು ಕೊಂಡವರು ದೊಡ್ಡ ಕಾರ್ಖಾನೆಗಳವರು, ಹಡಗಿನವರು, ನೌಕಾಪಡೆಯವರು.

ರೈಲುಹಳಿಯ ಮೇಲೂ ಅದು ಓಡಬೇಕೆಂದು ಅವನು ಬಹಳ ಹಂಬಲಿಸಿದ್ದನು. ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯವರೊಡನೆ ಸೇರಿ ಕಟ್ಟಿಸಿದ, ಸುಮಾರು ಸಾವಿರ ಅಶ್ವಶಕ್ತಿಯ ಎಂಜಿನು ೧೯೧೨ರಲ್ಲಿ ವಿಂಟರ್‌ಥೂರಿನಲ್ಲಿ ಸಿದ್ಧವಾಯಿತು. ಅದರ ದೋಷವೂ ನನ್ನ ಪ್ರಶ್ನೆಯ ಉತ್ತರವೂ ಒಂದೇ ಕಡೆ ಇವೆ. ಉಗಿಯಂತ್ರವು ನಿಂತಲ್ಲಿಂದಲೇ ತನ್ನ ಪೂರ್ಣ ಬಲದಿಂದ ಎಳೆಯಬಲ್ಲದು. ಡೀಸೆಲ್ ಯಂತ್ರವಾದರೋ ಮೊದಲು ತಾನು ತಿರುಗುತ್ತಿರಬೇಕು. ನಿಂತ ಡೀಸೆಲ್ ಯಂತ್ರಕ್ಕೆ ಬಲವೇ ಇಲ್ಲ. ಇಲ್ಲಿಯೋ, ಯಂತ್ರವನ್ನು ನೇರವಾಗಿ ಚಕ್ರಗಳಿಗೆ ಕಟ್ಟಿದ್ದರು. ಆದುದರಿಂದ ಪ್ರತಿ ಸಲವೂ ಒತ್ತಿಟ್ಟ ಗಾಳಿಯಿಂದ ಗಾಡಿಯನ್ನು ಹೊರಡಿಸಿ, ಸ್ವಲ್ಪ ವೇಗ ಬಂದ ಮೇಲೆ ಎಣ್ಣೆ ಹತ್ತಿಸಬೇಕಾಗಿತ್ತು. ಪರೀಕ್ಷೆಯ ಓಟಗಳಿಂದಾಚೆಗೆ ಆ ಎಂಜಿನು ಹೋಗಲೇ ಇಲ್ಲ.

೧೯೧೩ರ ಸೆಪ್ಟೆಂಬರ್ ೨೯ರ ಸಂಜೆ ಡೀಸೆಲನು ಆಂಟ್ವರ್ಪಿನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಎಂಬ ಹಡಗನ್ನೇರಿದನು. ಜೊತೆಯವರೊಡನೆ ಊಟ ಮುಗಿಸಿ ತನ್ನ ಕೋಣೆಗೆ ಹೋದನು. ಬೆಳಗಾದಾಗ ಅವನು ಇರಲಿಲ್ಲ, ಹಾಸಿಗೆ ಮಲಗಿದಂತಿರಲಿಲ್ಲ. ಕೆಲವು ದಿನಗಳ ಮೇಲೆ ಡಚ್ಚರ ದೋಣಿಯೊಂದಕ್ಕೆ ಶವವೊಂದು ಸಿಕ್ಕಿತು. ಅದರ ಕಿಸೆಯಲ್ಲಿದ್ದ ವಸ್ತುಗಳನ್ನು ಮಗನು ಗುರುತಿಸಿದನು. ಸಾಲದಲ್ಲಿ ಮುಳುಗಿದ್ದನೆಂಬುದು ಆಮೇಲೆ ಬಯಲಾಯಿತು. ಆತ್ಮಹತ್ಯೆಯೋ ಅಪಘಾತವೋ ಕೊಲೆಯೋ ಎಂಬ ವಾದ ಇಂದಿಗೂ ತೀರಿಲ್ಲ. ಅವನಿಗಾಗ ೫೫ ವರುಷ.

ಅವನ ಹಂಬಲ ಫಲಿಸಿದುದು ಇತರರ ಕೈಯಲ್ಲಿ. ಯಂತ್ರವನ್ನು ಚಕ್ರಕ್ಕೆ ಕಟ್ಟದೆ ವಿದ್ಯುಜ್ಜನಕಕ್ಕೆ ಕಟ್ಟಿ, ಆ ವಿದ್ಯುತ್ತಿನಿಂದ ಅಚ್ಚುಗಳ ಮೋಟಾರುಗಳನ್ನು ತಿರುಗಿಸುವ ಎಂಜಿನುಗಳು ೧೯೨೫ರಿಂದ ಅಮೆರಿಕದ ಯಾರ್ಡುಗಳಲ್ಲಿ ದುಡಿಯತೊಡಗಿದುವು. ೧೯೩೯ರ ಹೊತ್ತಿಗೆ ಅವು ದೂರದ ಗೂಡ್ಸ್ ಗಾಡಿಗಳನ್ನೂ ಎಳೆದು ತೋರಿಸಿದುವು. ಭಾರತಕ್ಕೆ ೨೬೦೦ ಅಶ್ವಶಕ್ತಿಯ ಆಲ್ಕೋ ಮಾದರಿಯ ಎಂಜಿನುಗಳು ಬಂದುದು ೧೯೬೨ರಲ್ಲಿ. ೧೯೬೪ರಿಂದ ವಾರಾಣಸಿಯಲ್ಲಿಯೇ ತಯಾರಾದುವು. ನಮ್ಮ ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ೫೫ ಕಿಲೋಮೀಟರ್ ಘಾಟಿಯಲ್ಲಿ ೫೭ ಸುರಂಗಗಳಿವೆ. ಐವತ್ತು ಅಡಿ ನಡೆದರೆ ಒಂದು ಅಡಿ ಏರುವ ಹಾದಿಯದು. ಬ್ರಾಡ್‌ಗೇಜ್ ಆದ ಮೇಲೆ, ೨೦೦೬ರಲ್ಲಿ, ಅಲ್ಲಿ ಮೊದಲು ಹತ್ತಿದುದು ಡೀಸೆಲ್ ಎಂಜಿನುಗಳು ಎಳೆದ ಗೂಡ್ಸ್ ಗಾಡಿಗಳೇ. ಇಳಿಜಾರಿನಲ್ಲಿ ಅದೇ ಮೋಟಾರುಗಳು ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳಾಗಿ ಮಾರ್ಪಟ್ಟು ಗಾಡಿಯ ವೇಗವನ್ನು ತಡೆದು ಹಿಡಿಯುತ್ತವೆ. ಸಿಮ್ಯುಲೇಟರಿನಲ್ಲಿ ನಾನು ಬಹುಕಾಲ ಅಭ್ಯಾಸ ಮಾಡಿದುದು ಇದನ್ನೇ.

ಇಂದು ದೇಶದ ಹಳಿಗಳ ಮೇಲೆಲ್ಲ ವಿದ್ಯುತ್ತಿನ ತಂತಿಗಳು ಹರಡಿ ಡೀಸೆಲ್ ಎಂಜಿನಿನ ಕಾಲ ಇಳಿಮುಖವಾಗಿದೆ. ಆದರೂ ಅದರ ಪಾಠ ಹಳತಾಗಿಲ್ಲ. ಒಂದು ಕಡೆ ಅಪಾರ ಶಕ್ತಿ, ಇನ್ನೊಂದು ಕಡೆ ಹೊರಲಾರದ ಹೊರೆ. ಇವೆರಡನ್ನೂ ನೇರವಾಗಿ ಬಿಗಿದರೆ ಗಾಡಿ ಹೊರಡುವುದಿಲ್ಲ. ನಡುವೆ ನಿಂತು ಒಂದರ ಭಾಷೆಯನ್ನು ಇನ್ನೊಂದಕ್ಕೆ ತಿಳಿಸುವ ಸಾಧನವೊಂದು ಬೇಕು. ಡೀಸೆಲನ ಎಂಜಿನಿಗೆ ಆ ಸಾಧನವು ಅವನು ತೀರಿಕೊಂಡ ಮೇಲೆ ದೊರೆಯಿತು. ಅವನ ಬಾಳಿಗೆ ಅಂತಹದೊಂದು ದೊರೆಯಲೇ ಇಲ್ಲ.