ಮೊದಲ ಸ್ಥಾನಕ್ಕೆ ಮುಂಚಿನ ಎಂಟು ವರ್ಷ: ಮೇರಿ ಕ್ಯೂರಿ ಅವರ ವಿದ್ಯಾರ್ಥಿ ಜೀವನ

ಬೋಧನಾಭ್ಯಾಸದ ಅವಧಿಯಲ್ಲಿ ವಿಜ್ಞಾನ ಪಾಠಕ್ಕೆ ಪೂರಕವಾಗಿ ವಿಜ್ಞಾನಿಗಳ ಜೀವನವನ್ನು ಹೇಳುವುದು ನಮ್ಮೆಲ್ಲರ ರೂಢಿ. ಮೇರಿ ಕ್ಯೂರಿ ಅವರ ಹೆಸರು ಬಂದಾಗ ನಾವು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳುತ್ತೇವೆ. ಒಂದು ರೇಡಿಯಂ, ಇನ್ನೊಂದು ಎರಡು ನೊಬೆಲ್ ಪ್ರಶಸ್ತಿ, ಮೂರನೆಯದು ಪ್ಯಾರಿಸ್ಸಿನ ಚಳಿಯಲ್ಲಿ ಅಟ್ಟದ ಕೋಣೆಯೊಂದರಲ್ಲಿ ಅರೆಹೊಟ್ಟೆಯಲ್ಲಿ ಓದಿ ಮೊದಲ ಸ್ಥಾನ ಪಡೆದ ಕಥೆ. ಈ ಮೂರನೆಯದು ಮಕ್ಕಳ ಮನಸ್ಸಿನಲ್ಲಿ ಬಹಳ ಬೇಗ ನಿಲ್ಲುತ್ತದೆ. ಹಸಿದು, ನಿದ್ದೆಗೆಟ್ಟು ಓದಿದರೆ ರ‍್ಯಾಂಕ್ ಬರುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದುಬಿಡುತ್ತಾರೆ. ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದಿದ ನನಗೆ ಈ ತೀರ್ಮಾನ ಅಪಾಯದ್ದು ಎನಿಸುತ್ತದೆ. ಅದಕ್ಕಾಗಿ ಅವರ ವಿದ್ಯಾರ್ಥಿ ಜೀವನವನ್ನು ಮೊದಲಿನಿಂದ ಕ್ರಮವಾಗಿ ಇಲ್ಲಿ ಹೇಳುತ್ತೇನೆ. ಮೊದಲ ಸ್ಥಾನ ಎಲ್ಲಿಂದ ಬಂತು ಎಂಬುದನ್ನು ಓದುಗರೇ ನೋಡಬಹುದು.

ಅವರ ಹುಟ್ಟುಹೆಸರು ಮರಿಯಾ ಸ್ಕ್ಲೊಡೊವ್‌ಸ್ಕಾ. 1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾ ನಗರದಲ್ಲಿ ಜನಿಸಿದರು. ಐವರು ಮಕ್ಕಳಲ್ಲಿ ಕೊನೆಯವರು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಶಿಕ್ಷಕರು, ತಾಯಿ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯಸ್ಥೆಯಾಗಿದ್ದವರು. ವಾರ್ಸಾ ಆಗ ರಷ್ಯಾದ ಆಳ್ವಿಕೆಯಲ್ಲಿತ್ತು. ಶಾಲೆಗಳಲ್ಲಿ ರಷ್ಯನ್ ಭಾಷೆಯಲ್ಲೇ ಪಾಠ ನಡೆಯುತ್ತಿತ್ತು, ಮಾತೃಭಾಷೆಗೆ ಅಲ್ಲಿ ಜಾಗವಿರಲಿಲ್ಲ. ತಂದೆ ತಮ್ಮ ಉತ್ತಮ ಹುದ್ದೆಯನ್ನು ಕಳೆದುಕೊಂಡು, ಮನೆಯಲ್ಲೇ ವಿದ್ಯಾರ್ಥಿಗಳನ್ನು ಇರಿಸಿಕೊಂಡು ಸಂಸಾರ ತೂಗಿಸಬೇಕಾಯಿತು. ಹಿರಿಯ ಅಕ್ಕ ಟೈಫಸ್ ಜ್ವರದಿಂದ ತೀರಿಕೊಂಡರು. 1878ರಲ್ಲಿ ತಾಯಿ ಕ್ಷಯರೋಗಕ್ಕೆ ಬಲಿಯಾದಾಗ ಮರಿಯಾಗೆ ಹತ್ತು ವರ್ಷ. ಕಷ್ಟ ಬಹಳವಿತ್ತು. ಆದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಬಲ್ಲ ತಂದೆ ಮನೆಯಲ್ಲೇ ಇದ್ದರು ಎಂಬುದನ್ನೂ ಇದರ ಜೊತೆಗೆ ಗಮನಿಸಬೇಕು.

1883ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವರು ಪ್ರೌಢಶಿಕ್ಷಣವನ್ನು ಚಿನ್ನದ ಪದಕದೊಂದಿಗೆ ಮುಗಿಸಿದರು. ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹೊರದೇಶಕ್ಕೆ ಕಳುಹಿಸಲು ಮನೆಯಲ್ಲಿ ಹಣವಿರಲಿಲ್ಲ. ಪದಕ ಪಡೆದ ಹುಡುಗಿ ಪ್ಯಾರಿಸ್ಸಿನ ತರಗತಿಯಲ್ಲಿ ಕುಳಿತದ್ದು 1891ರ ನವೆಂಬರಿನಲ್ಲಿ. ನಡುವೆ ಎಂಟು ವರ್ಷ ಕಳೆದಿದ್ದವು. ಇಂದಿನ ಪ್ರವೇಶ ಅರ್ಜಿಯಲ್ಲಾದರೆ ಇವು ವ್ಯರ್ಥವಾದ ವರ್ಷಗಳಂತೆ ಕಾಣುತ್ತಿದ್ದವು. ನನ್ನ ಅಭಿಪ್ರಾಯದಲ್ಲಿ ಈ ಜೀವನಚರಿತ್ರೆಯ ಮುಖ್ಯ ಅಧ್ಯಾಯ ಇದೇ.

ಮೊದಲ ಒಂದು ವರ್ಷ ಹಳ್ಳಿಯಲ್ಲಿದ್ದ ಬಂಧುಗಳ ಮನೆಗಳಲ್ಲಿ ವಿಶ್ರಾಂತಿಯಲ್ಲಿ ಕಳೆಯಿತು. ಪದಕ ಪಡೆದ ಮಗಳನ್ನು ತಂದೆ ಒಂದು ವರ್ಷ ಪುಸ್ತಕದಿಂದ ದೂರವಿರಲು ಬಿಟ್ಟರು ಎಂಬುದು ಪೋಷಕರ ಸಭೆಯಲ್ಲಿ ಹೇಳಬಹುದಾದ ಸಂಗತಿ. ವಾರ್ಸಾಗೆ ಮರಳಿದ ಮೇಲೆ ಮರಿಯಾ ಮತ್ತು ಅಕ್ಕ ಬ್ರೊನ್ಯಾ ಗುಪ್ತವಾಗಿ ನಡೆಯುತ್ತಿದ್ದ ಒಂದು ವಿದ್ಯಾಕೂಟಕ್ಕೆ ಸೇರಿದರು. ಪೊಲೀಸರಿಗೆ ಸುಳಿವು ಸಿಗದಂತೆ ಅದು ಬೇರೆ ಬೇರೆ ಮನೆಗಳಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ಹಾರುವ ವಿಶ್ವವಿದ್ಯಾಲಯ ಎಂಬ ಹೆಸರಿತ್ತು.

ಆಮೇಲೆ ಅಕ್ಕತಂಗಿಯರು ಒಂದು ಒಪ್ಪಂದಕ್ಕೆ ಬಂದರು. ಬ್ರೊನ್ಯಾ ಮೊದಲು ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದುವುದು, ಮರಿಯಾ ಮನೆಪಾಠದ ಶಿಕ್ಷಕಿಯಾಗಿ ದುಡಿದು ಹಣ ಕಳುಹಿಸುವುದು. ಬ್ರೊನ್ಯಾ ವೈದ್ಯೆಯಾದ ಮೇಲೆ ತಂಗಿಯನ್ನು ಓದಿಸುವುದು. ಅದರಂತೆ 1886ರ ಜನವರಿಯಲ್ಲಿ ಮರಿಯಾ ವಾರ್ಸಾದಿಂದ ದೂರದ ಶುಕಿ ಎಂಬ ಹಳ್ಳಿಗೆ ಹೋದರು. ಸಕ್ಕರೆ ಬೀಟ್ ಬೆಳೆಯುವ ಜಮೀನುಗಳನ್ನು ನೋಡಿಕೊಳ್ಳುತ್ತಿದ್ದ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ಬಿಡುವಿನಲ್ಲಿ ಊರಿನ ರೈತರ ಮಕ್ಕಳನ್ನು ಸೇರಿಸಿ ಪೋಲಿಷ್ ಓದು ಬರಹ ಕಲಿಸಿದರು. ಸರ್ಕಾರಕ್ಕೆ ತಿಳಿದರೆ ಶಿಕ್ಷೆಯಾಗುವ ಕೆಲಸವದು. ಹೀಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗುವ ಮೊದಲೇ ಅವರು ಶಿಕ್ಷಕಿಯಾಗಿದ್ದರು.

ರಾತ್ರಿ ಮತ್ತು ಬೆಳಗಿನ ಜಾವ ಅವರ ಸ್ವಂತ ಓದು. ಆರಂಭದಲ್ಲಿ ಸಾಹಿತ್ಯ, ಸಮಾಜಶಾಸ್ತ್ರ, ವಿಜ್ಞಾನ ಎಲ್ಲವೂ ಇಷ್ಟವಾಗಿದ್ದವು. ಎಲ್ಲವನ್ನೂ ಓದಿ ನೋಡಿದ ಮೇಲೆ ಗಣಿತ ಮತ್ತು ಭೌತಶಾಸ್ತ್ರವೇ ತಮ್ಮ ದಾರಿ ಎಂದು ನಿಧಾನವಾಗಿ ಕಂಡುಕೊಂಡರು. ಒಂದು ಪುಸ್ತಕ ಬೇಸರ ತಂದರೆ ಇನ್ನೊಂದನ್ನು ಹಿಡಿಯುತ್ತಿದ್ದರು. ಓದಲು ಗಮನ ನಿಲ್ಲದಷ್ಟು ದಣಿದಾಗ ಬೀಜಗಣಿತ, ತ್ರಿಕೋನಮಿತಿಯ ಲೆಕ್ಕ ಬಿಡಿಸುತ್ತಿದ್ದರು. ಏಕೆಂದರೆ ಲೆಕ್ಕ ಮಾಡುವಾಗ ಮನಸ್ಸು ಅತ್ತಿತ್ತ ಹೋಗಲು ಬಿಡುವಿರುವುದಿಲ್ಲ. ಗಣಿತದಲ್ಲಿ ಅವರು ಒಂಟಿಯಾಗಿರಲಿಲ್ಲ. ತಂದೆ ಪತ್ರದ ಮೂಲಕ ಮಾರ್ಗದರ್ಶನ ಮಾಡುತ್ತಿದ್ದರು. ಅಂಚೆಯಲ್ಲಿ ನಡೆದ ಈ ಪಾಠವನ್ನು ಓದಿದಾಗಲೆಲ್ಲ ನನಗೆ ಹಿಮ್ಮಾಹಿತಿ ಎಂಬ ಪದದ ಅರ್ಥ ಸ್ಪಷ್ಟವಾಗುತ್ತದೆ.

ವಾರ್ಸಾಗೆ ಹಿಂದಿರುಗಿದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಉದ್ಯಮ ಮತ್ತು ಕೃಷಿ ವಸ್ತುಸಂಗ್ರಹಾಲಯದಲ್ಲಿ ಒಂದು ಸಣ್ಣ ಪ್ರಯೋಗಾಲಯವಿತ್ತು. ಅದರ ಮುಖ್ಯಸ್ಥರು ಮರಿಯಾ ಅವರ ಸಂಬಂಧಿ ಬೊಗುಸ್ಕಿ. ಸಂಜೆ ಮತ್ತು ಭಾನುವಾರಗಳಲ್ಲಿ ಅಲ್ಲಿ ಪುಸ್ತಕದಲ್ಲಿದ್ದ ಪ್ರಯೋಗಗಳನ್ನು ಮಾಡಿ ನೋಡಿದರು. ಕೆಲವು ಬಂದವು, ಎಷ್ಟೋ ಬರಲಿಲ್ಲ. ಉಪಕರಣವನ್ನು ಮೊದಲ ಸಲ ಸ್ವತಃ ಮುಟ್ಟಿದ್ದು ಇಪ್ಪತ್ತಮೂರರ ಆಸುಪಾಸಿನಲ್ಲಿ.

1891ರ ಶರತ್ಕಾಲದಲ್ಲಿ ರೈಲಿನ ಅತಿ ಅಗ್ಗದ ದರ್ಜೆಯಲ್ಲಿ ಪ್ರಯಾಣಿಸಿ ಪ್ಯಾರಿಸ್ ತಲುಪಿದರು. ಸೋರ್ಬಾನ್‌ನ ವಿಜ್ಞಾನ ವಿಭಾಗದಲ್ಲಿ ಮೇರಿ ಎಂಬ ಫ್ರೆಂಚ್ ರೂಪದಲ್ಲಿ ಹೆಸರು ನೋಂದಾಯಿಸಿದರು. ತರಗತಿಯಲ್ಲಿ ಕುಳಿತಾಗ ಎರಡು ಕೊರತೆಗಳು ಎದುರಾದವು. ವೇಗವಾಗಿ ನಡೆಯುವ ಫ್ರೆಂಚ್ ಉಪನ್ಯಾಸ ಪೂರ್ತಿ ಕಿವಿಗೆ ಬೀಳುತ್ತಿರಲಿಲ್ಲ. ಫ್ರಾನ್ಸಿನ ಶಾಲೆಗಳಲ್ಲಿ ಓದಿ ಬಂದವರಿಗೆ ತಿಳಿದಿದ್ದ ಗಣಿತ ತಮಗೆ ಅಷ್ಟು ತಿಳಿದಿರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಉಪನ್ಯಾಸದ ಮುಂದೆ ಕುಳಿತವರಿಗೆ ಈ ಸ್ಥಿತಿಯನ್ನು ವಿವರಿಸಬೇಕಿಲ್ಲ. ಮೇರಿ ತಮ್ಮ ಕೊರತೆಯನ್ನು ಗುರುತಿಸಿ, ಆ ಭಾಗವನ್ನು ಬೇರೆಯಾಗಿ ಓದಲು ಕುಳಿತರು. ನಮ್ಮ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧವನ್ನು ಅವರು ತಮಗೆ ತಾವೇ ನಡೆಸಿಕೊಂಡರು ಎನ್ನಬಹುದು.

ಮೊದಲು ಅಕ್ಕ ಮತ್ತು ಭಾವನ ಮನೆಯಲ್ಲಿದ್ದರು. ಅಲ್ಲಿಂದ ಕುದುರೆ ಬಸ್ಸಿನಲ್ಲಿ ಹೋಗಲು ಒಂದು ಗಂಟೆ ಬೇಕಿತ್ತು, ಮನೆಯಲ್ಲಿ ಜನರ ಓಡಾಟವೂ ಹೆಚ್ಚು. ಕೆಲವು ತಿಂಗಳ ನಂತರ ವಿಶ್ವವಿದ್ಯಾಲಯದ ಹತ್ತಿರ ಅಟ್ಟದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದರು. ಸಂಜೆ ದೀಪ ಮತ್ತು ಬೆಂಕಿಯ ಖರ್ಚು ಉಳಿಸಲು ಗ್ರಂಥಾಲಯದಲ್ಲಿ ಅದು ಮುಚ್ಚುವವರೆಗೂ ಕುಳಿತು, ಆಮೇಲೆ ಕೋಣೆಗೆ ಬಂದು ಮತ್ತೆ ಓದುತ್ತಿದ್ದರು. ಊಟಕ್ಕೆ ಹೆಚ್ಚಾಗಿ ಬ್ರೆಡ್ಡು, ಚಹಾ. ನಾವು ಹೇಳುವ ಕಥೆ ಇಲ್ಲಿಗೆ ನಿಲ್ಲುತ್ತದೆ. ಮುಂದಿನ ಭಾಗವನ್ನು ಬಿಡುತ್ತೇವೆ. ಒಂದು ದಿನ ಅವರು ನಿತ್ರಾಣದಿಂದ ಪ್ರಜ್ಞೆ ತಪ್ಪಿದರು. ವೈದ್ಯರಾಗಿದ್ದ ಭಾವ ಬಂದು, ಸರಿಯಾಗಿ ಊಟವಿಲ್ಲದ್ದೇ ಕಾರಣ ಎಂದು ತಿಳಿದು, ತಮ್ಮ ಮನೆಗೆ ಕರೆದೊಯ್ದು ಊಟ ಹಾಕಿ, ನಿದ್ದೆ ಮಾಡಿಸಿ, ಸುಧಾರಿಸಿದ ಮೇಲೆ ಓದಲು ಬಿಟ್ಟರು. ಹಸಿವು ಅವರ ಓದನ್ನು ನಿಲ್ಲಿಸಿತ್ತು. ಮತ್ತೆ ಪುಸ್ತಕ ಹಿಡಿಯುವಂತೆ ಮಾಡಿದ್ದು ಅಕ್ಕನ ಮನೆಯ ಊಟ.

ಲಿಪ್‌ಮನ್, ಆಪೆಲ್, ಪ್ವಾಂಕರೆ ಅವರಂಥ ಪ್ರಾಧ್ಯಾಪಕರು ಅಲ್ಲಿದ್ದರು. 1893ರ ಭೌತವಿಜ್ಞಾನ ಪದವಿ ಪರೀಕ್ಷೆಯಲ್ಲಿ ಮೇರಿ ಮೊದಲ ಸ್ಥಾನ ಪಡೆದರು. ಗಣಿತ ಪದವಿಯನ್ನೂ ಓದುವ ಆಸೆಯಿದ್ದರೂ ಹಣ ಮುಗಿದಿತ್ತು. ಆಗ ಹೊರದೇಶದಲ್ಲಿ ಓದುವ ಪೋಲಿಷ್ ವಿದ್ಯಾರ್ಥಿಗಳಿಗೆ ಮೀಸಲಾದ 600 ರೂಬಲ್‌ಗಳ ವಿದ್ಯಾರ್ಥಿವೇತನ ದೊರೆಯಿತು. ಅದರ ಬಲದಿಂದ 1894ರಲ್ಲಿ ಗಣಿತ ಪದವಿಯಲ್ಲಿ ಎರಡನೆಯ ಸ್ಥಾನ ಬಂತು. ಮುಂದೆ ಉಕ್ಕಿನ ಕಾಂತಗುಣದ ಬಗ್ಗೆ ಅಧ್ಯಯನ ಮಾಡಿದ್ದಕ್ಕೆ ಬಂದ ಸಂಪಾದನೆಯಲ್ಲಿ ಉಳಿಸಿ, ಆ ವಿದ್ಯಾರ್ಥಿವೇತನದ ಹಣವನ್ನು ಹಿಂದಿರುಗಿಸಿದರು. ಯಾರೂ ಕೇಳಿರಲಿಲ್ಲ. ತನ್ನಂತೆ ಕಷ್ಟದಲ್ಲಿರುವ ಇನ್ನೊಬ್ಬರಿಗೆ ಅದು ಬೇಕಾಗುತ್ತದೆ ಎಂಬುದು ಅವರ ಎಣಿಕೆ.

1895ರಲ್ಲಿ ಪಿಯರ್ ಕ್ಯೂರಿ ಅವರನ್ನು ವಿವಾಹವಾದರು. 1896ರಲ್ಲಿ, ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಬೋಧಿಸಲು ಅರ್ಹತೆ ನೀಡುವ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ನಮ್ಮ ಬಿ.ಇಡಿ. ವಿದ್ಯಾರ್ಥಿಗಳಿಗೆ ಇದು ಅಷ್ಟಾಗಿ ತಿಳಿದಿಲ್ಲ. 1900ರಿಂದ ಸೆವ್ರ್ ಎಂಬಲ್ಲಿದ್ದ ಮಹಿಳಾ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಭೌತಶಾಸ್ತ್ರ ಬೋಧಿಸಿ, ಪಾಠದ ಜೊತೆಗೆ ಪ್ರಯೋಗವನ್ನು ತಂದರು. ರೇಡಿಯಂ ಸಂಶೋಧನೆ, 1903ರ ಡಾಕ್ಟರೇಟ್, ಅದೇ ವರ್ಷದ ನೊಬೆಲ್ ಎಲ್ಲವೂ ಈ ಬೋಧನೆಯ ಜೊತೆಜೊತೆಗೇ ನಡೆದವು. 1906ರಲ್ಲಿ ಪತಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಸೋರ್ಬಾನ್‌ನಲ್ಲಿ ಅವರು ನಿಲ್ಲಿಸಿದ್ದ ಜಾಗದಿಂದಲೇ ಉಪನ್ಯಾಸ ಮುಂದುವರಿಸಿದರು. ಅದೇ ದಶಕದ ಕೊನೆಯಲ್ಲಿ ಕೆಲವು ಪ್ರಾಧ್ಯಾಪಕ ಸ್ನೇಹಿತರೊಂದಿಗೆ ಸೇರಿ, ತಮ್ಮ ತಮ್ಮ ಮಕ್ಕಳಿಗೆ ಸುಮಾರು ಎರಡು ವರ್ಷ ತಾವೇ ಪಾಠ ಮಾಡಿದರು. ಭೌತಶಾಸ್ತ್ರ ಅವರ ಪಾಲಿಗೆ ಬಂತು. 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 1934ರ ಜುಲೈ 4ರಂದು, ವಿಕಿರಣದಿಂದ ಉಂಟಾದ ರಕ್ತದ ಕಾಯಿಲೆಯಿಂದ ನಿಧನರಾದರು.

ಪಾಠಯೋಜನೆಯಲ್ಲಿ ನಾವು ಪೂರ್ವಜ್ಞಾನ ಎಂಬ ಅಂಕಣ ತುಂಬುತ್ತೇವೆ. ಮೇರಿ ಅವರ ಜೀವನದಲ್ಲಿ ಆ ಅಂಕಣ ತುಂಬಲು ಎಂಟು ವರ್ಷ ಹಿಡಿಯಿತು. ಅದರಲ್ಲಿ ತಂದೆಯ ಪತ್ರ, ಅಕ್ಕನ ಒಪ್ಪಂದ, ಬೊಗುಸ್ಕಿಯ ಪ್ರಯೋಗಾಲಯ ಇವೆ. ಪ್ಯಾರಿಸ್ಸಿನಲ್ಲಿ ಭಾವನ ಆರೈಕೆ ಮತ್ತು ವಿದ್ಯಾರ್ಥಿವೇತನ ಸೇರಿಕೊಂಡವು. ಅವರ ಛಲ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ, ಮನೆಯಲ್ಲಿ ಲೆಕ್ಕ ತಿದ್ದುವವರಿಲ್ಲದ ಹುಡುಗಿಯೊಬ್ಬಳು ಈ ಕಥೆ ಕೇಳುತ್ತಿರುತ್ತಾಳೆ. ಛಲವೊಂದನ್ನೇ ಹೇಳಿದರೆ, ಅಂಕ ಕಡಿಮೆ ಬಂದಾಗ ತಾನು ಸಾಕಷ್ಟು ಕಷ್ಟಪಡಲಿಲ್ಲ ಎಂದು ಅವಳು ತಿಳಿಯುತ್ತಾಳೆ. ಕಥೆಯನ್ನು ಪೂರ್ತಿ ಹೇಳಿದರೆ, ತನಗೆ ತಿಳಿಯದ ಲೆಕ್ಕವನ್ನು ಹಿಡಿದು ಯಾರ ಬಳಿಯಾದರೂ ಹೋಗಬಹುದು ಎಂದು ಅವಳಿಗೆ ಅನಿಸಬಹುದು. ಅವಳು ಬರುವುದು ನಮ್ಮ ಬಳಿಗೇ. ಆಗ ಅವಳ ನೋಟ್‌ಬುಕ್ ತೆಗೆದುಕೊಂಡು, ಎಲ್ಲಿ ತಪ್ಪಿದೆ ಎಂದು ಕುಳಿತು ನೋಡುವಷ್ಟು ಸಮಯ ನಮ್ಮಲ್ಲಿರಬೇಕು.