ಮನೆ ಗೆದ್ದು ಮಾರು ಗೆಲ್ಲು: ಸರ್ ಬೆನಗಲ್ ನರಸಿಂಗ ರಾವ್ ಬದುಕಿನ ಪಾಠ

ವಿಟ್ಲ, ಬಂಟ್ವಾಳಗಳನ್ನೂ ಒಳಗೊಂಡಿದ್ದ ಅಂದಿನ ಸೌತ್ ಕೆನರಾ ಜಿಲ್ಲೆ ದೇಶಕ್ಕೆ ನೀಡಿದ ಕಾನೂನು ಪಂಡಿತರಲ್ಲಿ ಸರ್ ಬೆನಗಲ್ ನರಸಿಂಗ ರಾವ್ ಅಗ್ರಗಣ್ಯರು. ನಮ್ಮ ಸಂವಿಧಾನಕ್ಕಾಗಿ ಅವರು ದುಡಿದದ್ದು ಹಲವರಿಗೆ ಗೊತ್ತು. ನೆರೆಯ ಬರ್ಮಾ ದೇಶದ ಸಂವಿಧಾನಕ್ಕೂ ಅವರು ನೆರವಾದದ್ದು ಅಷ್ಟಾಗಿ ತಿಳಿದಿಲ್ಲ.

1887ರ ಫೆಬ್ರವರಿ 26ರಂದು ಮಂಗಳೂರಿನಲ್ಲಿ ವೈದ್ಯರ ಮಗನಾಗಿ ಜನಿಸಿದ ರಾವ್, ಕೆನರಾ ಹೈಸ್ಕೂಲಿನಲ್ಲಿ ಕಲಿತು, ಮದ್ರಾಸ್ ಮತ್ತು ಕೇಂಬ್ರಿಜ್‌ನಲ್ಲಿ ಉನ್ನತ ಶಿಕ್ಷಣ ಪಡೆದರು. ಐ.ಸಿ.ಎಸ್. ಸೇರಿ, ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ ವೇತನವಿಲ್ಲದೆ ದುಡಿದರು. 1947ರ ಅಕ್ಟೋಬರ್‌ನಲ್ಲಿ ಅವರು ಸಿದ್ಧಪಡಿಸಿದ ಮೊದಲ ಕರಡನ್ನು ಡಾ. ಅಂಬೇಡ್ಕರ್ ಸಮಿತಿ ಪರಿಶೀಲಿಸಿತು. 1949ರಲ್ಲಿ ಅಂಬೇಡ್ಕರ್ ಈ ಋಣವನ್ನು ಸಭೆಯಲ್ಲೇ ಸ್ಮರಿಸಿದರು.

ಅದೇ 1947ರಲ್ಲಿ ಬರ್ಮಾ ಅವರ ಸಲಹೆ ಕೇಳಿತು. ಹೊಸ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳಿದ್ದವು, ಸುಪ್ರೀಂ ಕೋರ್ಟ್ ಇತ್ತು. 1948ರ ಜನವರಿ 4ರಂದು ಸ್ವತಂತ್ರವಾದ ಬರ್ಮಾ ಏಪ್ರಿಲ್ 19ರಂದು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರವಾಯಿತು. ಶಾಂತಿಪ್ರಿಯವಾಗಿರಬೇಕು, ಒಪ್ಪಿಕೊಂಡ ಹೊಣೆಯನ್ನು ನಿಭಾಯಿಸಲು ಶಕ್ತವಾಗಿರಬೇಕು ಎಂಬುದು ಅಲ್ಲಿನ ಷರತ್ತು. ಮನೆಯೊಳಗೆ ಕಾನೂನು ಇಲ್ಲದವರು ಹೊರಗೆ ಕೊಟ್ಟ ಮಾತನ್ನು ಯಾರು ನಂಬುತ್ತಾರೆ?

ರಾವ್ ಸ್ವತಃ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ, 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು.

ಅವರು ನೆರವಾದ ಬರ್ಮಾ ಸಂವಿಧಾನವನ್ನು 1962ರಲ್ಲಿ ಸೇನೆ ಬದಿಗೊತ್ತಿತು. ಸೇನಾಡಳಿತವಿದ್ದಾಗಲೇ, 1997ರಲ್ಲಿ, ಆ ದೇಶ ಆಸಿಯಾನ್ ಕೂಟ ಸೇರಿತು. ಆದರೆ 2021ರಲ್ಲಿ ಸೇನೆ ಮತ್ತೆ ಅಧಿಕಾರ ಕಸಿದಾಗ, ಅದೇ ಕೂಟ ಅಕ್ಟೋಬರ್ ಶೃಂಗಸಭೆಗೆ ಸೇನಾ ಮುಖ್ಯಸ್ಥರನ್ನು ಕರೆಯಲಿಲ್ಲ. ಯುರೋಪಿಯನ್ ಒಕ್ಕೂಟವಾದರೋ 1993ರಿಂದ ಕಾನೂನಿನ ಆಳ್ವಿಕೆಯನ್ನು ಸದಸ್ಯತ್ವದ ಷರತ್ತನ್ನಾಗಿಯೇ ಮಾಡಿದೆ. 2005ರಲ್ಲಿ ಆರಂಭವಾದ ಟರ್ಕಿಯ ಮಾತುಕತೆ ನಿಂತುಹೋಗಿದೆಯೆಂದು ಒಕ್ಕೂಟ 2018ರಲ್ಲಿ ಹೇಳಿದಾಗ, ಅಲ್ಲಿ ಕಾನೂನಿನ ಆಳ್ವಿಕೆ ಹಿಂದೆ ಸರಿದದ್ದನ್ನೂ ಕಾರಣವಾಗಿ ಕೊಟ್ಟಿತು.

ಕೂಟದಲ್ಲಿ ಕುರ್ಚಿ ಸಿಗಬಹುದು. ಗೌರವ ಸಿಗುವುದು ಮನೆಯೊಳಗಿನ ನ್ಯಾಯದಿಂದ. ಮನೆ ಗೆದ್ದು ಮಾರು ಗೆಲ್ಲು ಎಂಬ ನಮ್ಮ ಹಿರಿಯರ ಮಾತು ರಾಷ್ಟ್ರಗಳಿಗೂ ಸಲ್ಲುತ್ತದೆ.